ದುಡ್ಡಿತ್ತು, ಆದರೆ ಬೇರೆ ಖಾತೆಯಲ್ಲಿತ್ತು: ಒಂದು ಇಎಂಐ ಬೌನ್ಸ್ ಆದ ಕಥೆ

2025ರ ಏಪ್ರಿಲ್ 8, ಮಂಗಳವಾರ ಬೆಳಿಗ್ಗೆ. ಕಾಫಿ ಕುಡಿಯುತ್ತಾ ಫೋನಿನಲ್ಲಿದ್ದ ಹಳೇ ಮೆಸೇಜುಗಳನ್ನು ಅಳಿಸುತ್ತಾ ಕೂತಿದ್ದೆ. ಯುಗಾದಿ ಆಫರ್, ಸೀರೆ ಅಂಗಡಿ, ಕ್ರಿಕೆಟ್ ಆ್ಯಪ್, ಒಟಿಪಿ ಮೇಲೆ ಒಟಿಪಿ. ಅವುಗಳ ನಡುವೆ ಒಂದು ಸಾಲು ಕಣ್ಣಿಗೆ ಬಿತ್ತು. ಖಾತೆಯಲ್ಲಿ ಸಾಕಷ್ಟು ಹಣ ಇಲ್ಲದ ಕಾರಣ ಗೃಹಸಾಲದ ಕಂತು ವಾಪಸಾಗಿದೆ ಅಂತ. ಎರಡು ದಿನ ಬಿಟ್ಟು ಅದೇ ಮಾತು ಇನ್ನೊಂದು ಸಲ.

ಏನೋ ಮೋಸದ ಮೆಸೇಜ್ ಇರಬೇಕು ಅಂದುಕೊಂಡೆ. ಯಾಕಂದರೆ ನನ್ನ ಹತ್ತಿರ ದುಡ್ಡಿತ್ತು. ಸಂಬಳ ಬಂದು ಆರು ದಿನ ಆಗಿತ್ತು, ಅದರಲ್ಲಿ ಹೆಚ್ಚು ಕಮ್ಮಿ ಏನೂ ಖರ್ಚಾಗಿರಲಿಲ್ಲ. ಬ್ಯಾಂಕಿನ ಆ್ಯಪ್ ತೆರೆದು ನೋಡಿದೆ. ಮೆಸೇಜ್ ನಿಜವಾಗಿತ್ತು. ಮನೆಯಲ್ಲಿ ಅಕ್ಕಿ ಇಟ್ಟುಕೊಂಡು ಉಪವಾಸ ಬಿದ್ದ ಹಾಗಾಗಿತ್ತು ನನ್ನ ಕಥೆ.

ಇದು ನಮ್ಮ ಮನೆಯದೇ ಪ್ರಕರಣ. ದೊಡ್ಡ ನಷ್ಟ ಏನಲ್ಲ. ಆದರೆ ಒಂದು ಖಾತೆಯಿಂದ ಇನ್ನೊಂದಕ್ಕೆ ದುಡ್ಡು ತಾನಾಗೇ ಹರಿಯುವ ಹಾಗೆ ಮಾಡಿಕೊಂಡವರು ಈಗ ಜಾಸ್ತಿ. ಹಾಗಾಗಿ ಎಲ್ಲಿ ಕೊಂಡಿ ಕಳಚಿತು ಅಂತ ಪೂರ್ತಿ ಬರೆಯುತ್ತಿದ್ದೇನೆ. ಬ್ಯಾಂಕುಗಳ ಹೆಸರು, ಸಾಲ ಕೊಟ್ಟ ಕಂಪನಿಯ ಹೆಸರು ಬೇಡ. ತಪ್ಪಿನಲ್ಲಿ ನನ್ನ ಪಾಲೇ ದೊಡ್ಡದು.

ನಾನು ಕಟ್ಟಿಕೊಂಡಿದ್ದ ಕಾಲುವೆ

ನನಗೆ ಎರಡು ಖಾತೆ ಇದೆ. ಒಂದರಲ್ಲಿ ಸಂಬಳ ಬರುತ್ತದೆ. ಇನ್ನೊಂದು ಬೇರೆ ಬ್ಯಾಂಕಿನ ಉಳಿತಾಯ ಖಾತೆ, ಅದಕ್ಕೆ ನಾವು ಮನೆ ಖಾತೆ ಅನ್ನುತ್ತೇವೆ. ಕೈಗೆ ಸಿಕ್ಕಿದ್ದೆಲ್ಲ ಖರ್ಚಾಗುತ್ತದೆ ಅಂತ ಗೊತ್ತಾದ ಮೇಲೆ ಮಾಡಿಕೊಂಡ ಏರ್ಪಾಡು ಇದು. ಸಂಬಳದ ಖಾತೆಯಿಂದ ಪ್ರತಿ ತಿಂಗಳ 1ನೇ ತಾರೀಖು ಮನೆ ಖಾತೆಗೆ 45,000 ರೂಪಾಯಿ ನೆಫ್ಟ್ (ಬ್ಯಾಂಕಿನಿಂದ ಬ್ಯಾಂಕಿಗೆ ದುಡ್ಡು ಕಳಿಸುವ ವ್ಯವಸ್ಥೆ) ಮೂಲಕ ತಾನಾಗೇ ಹೋಗಬೇಕು. ಅಲ್ಲಿಂದ 2ನೇ ತಾರೀಖು ಅದೇ ಬ್ಯಾಂಕಿನ ಆರ್‌ಡಿಗೆ, ಅಂದರೆ ತಿಂಗಳು ತಿಂಗಳು ಕಟ್ಟುವ ಠೇವಣಿಗೆ, 5,000. 5ನೇ ತಾರೀಖು ಮ್ಯೂಚುವಲ್ ಫಂಡ್ ಎಸ್‌ಐಪಿಗೆ, ಅಂದರೆ ಪ್ರತಿ ತಿಂಗಳ ಹೂಡಿಕೆಗೆ, 10,000. ಅದೇ 5ರಂದು ಗೃಹಸಾಲದ ಇಎಂಐ 27,400. ಒಟ್ಟು 42,400. ತಿಂಗಳಿಗೆ 2,600 ಉಳಿಕೆ. ಆ ಉಳಿಕೆ ಸೇರಿ ಸೇರಿ ಮಾರ್ಚ್ ಕೊನೆಗೆ ಮನೆ ಖಾತೆಯಲ್ಲಿ 29,350 ಆಗಿತ್ತು.

ಕಾಗದದ ಮೇಲೆ ಬಲು ಚೆಂದ. ಎರಡು ವರ್ಷ ಹಾಗೇ ನಡೆದಿತ್ತು ಕೂಡ. ಸಂಬಳ ತಿಂಗಳ ಕೊನೆಯ ದಿನ ಬರುತ್ತದೆ, 1ನೇ ತಾರೀಖು ಬೆಳಿಗ್ಗೆ ಖಾತೆಯಲ್ಲಿ ಇದ್ದೇ ಇರುತ್ತದೆ ಅನ್ನುವ ನಂಬಿಕೆಯ ಮೇಲೆ ಇಡೀ ಕಾಲುವೆ ನಿಂತಿತ್ತು.

ತಳ್ಳುವುದು ಬೇರೆ, ಎಳೆಯುವುದು ಬೇರೆ

ಮುಂದೆ ಹೋಗುವ ಮುಂಚೆ ಒಂದು ವಿಷಯ. ಈ ನಾಲ್ಕೂ ಆಟೋ ಡೆಬಿಟ್ಟೇ ಅಂತ ನಾನು ಒಂದೇ ಚೀಲಕ್ಕೆ ಹಾಕಿದ್ದೆ. ಅವು ಎರಡು ಬೇರೆ ಜಾತಿ.

ನೆಫ್ಟ್ ವರ್ಗಾವಣೆ ಮತ್ತು ಆರ್‌ಡಿ ಎರಡೂ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್. ನನ್ನ ಬ್ಯಾಂಕಿಗೆ ನಾನು ಕೊಟ್ಟ ಆದೇಶ. ಬ್ಯಾಂಕು ದುಡ್ಡನ್ನು ಆ ಕಡೆಗೆ ತಳ್ಳುತ್ತದೆ. ದುಡ್ಡಿಲ್ಲದಿದ್ದರೆ ಸುಮ್ನೆ ಆಗಲ್ಲ, ಅಷ್ಟೇ. ಆರ್‌ಡಿ ಕಂತು ತಪ್ಪಿದರೆ ಸಣ್ಣ ದಂಡ ಬೀಳುತ್ತದೆ. ಅಂಚೆ ಕಚೇರಿಯ ಆರ್‌ಡಿಯಲ್ಲಾದರೆ ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ. ಅಂದರೆ 5,000ಕ್ಕೆ 50.

ಎಸ್‌ಐಪಿ ಮತ್ತು ಇಎಂಐ ಹಾಗಲ್ಲ. ಅವು ನಾಚ್ ಮ್ಯಾಂಡೇಟ್, ಅಂದರೆ ನನ್ನ ಖಾತೆಯಿಂದ ದುಡ್ಡು ಎಳೆದುಕೊಳ್ಳಲು ಬೇರೆಯವರಿಗೆ ಮೊದಲೇ ಕೊಟ್ಟ ಒಪ್ಪಿಗೆ. ನಾಚ್ ಅನ್ನುವುದು ಮೊದಲಿದ್ದ ಇಸಿಎಸ್ ಅನ್ನುವ ಪದ್ಧತಿಯ ಜಾಗಕ್ಕೆ, ದೇಶದ ಪಾವತಿ ಜಾಲ ನಡೆಸುವ ಎನ್‌ಪಿಸಿಐ ಸಂಸ್ಥೆ ತಂದ ವ್ಯವಸ್ಥೆ. ಬೇರೆ ದೇಶಗಳಲ್ಲಿ ಡೈರೆಕ್ಟ್ ಡೆಬಿಟ್ ಅನ್ನುತ್ತಾರಲ್ಲ, ಅದೇ ಇದು. ಸಾಲ ತೆಗೆದುಕೊಳ್ಳುವಾಗ ಒಂದು ಫಾರಂ ತುಂಬಿ ಸಹಿ ಹಾಕುತ್ತೇವೆ, ಇಲ್ಲವಾದರೆ ಆಧಾರ್, ನೆಟ್ ಬ್ಯಾಂಕಿಂಗ್, ಡೆಬಿಟ್ ಕಾರ್ಡ್ ಮೂಲಕ ಒಪ್ಪಿಗೆ ಕೊಡುತ್ತೇವೆ. ಅದರಲ್ಲಿ ಗರಿಷ್ಠ ಮೊತ್ತ ಎಷ್ಟು, ಎಷ್ಟು ದಿನಕ್ಕೊಮ್ಮೆ, ಎಲ್ಲಿಯವರೆಗೆ ಅಂತ ಇರುತ್ತದೆ. ಬ್ಯಾಂಕು ಒಪ್ಪಿದ ಮೇಲೆ ಯುಎಂಆರ್‌ಎನ್ ಅನ್ನುವ 20 ಅಕ್ಷರದ ಗುರುತು ಸಿಗುತ್ತದೆ. ಆಮೇಲೆ ಪ್ರತಿ ತಿಂಗಳು ಸಾಲದ ಕಂಪನಿ ತನ್ನ ಗ್ರಾಹಕರ ಪಟ್ಟಿಯನ್ನು ಒಂದು ಫೈಲ್ ಮಾಡಿ ತನ್ನ ಬ್ಯಾಂಕಿನ ಮೂಲಕ ಎನ್‌ಪಿಸಿಐಗೆ ಕಳಿಸುತ್ತದೆ. ಅಲ್ಲಿಂದ ಅದು ನಮ್ಮ ಬ್ಯಾಂಕಿಗೆ ಬರುತ್ತದೆ. ದುಡ್ಡಿದ್ದರೆ ಕೊಡುತ್ತದೆ. ಇಲ್ಲದಿದ್ದರೆ ವಾಪಸ್. ಆ ದಿನ ನಮ್ಮನ್ನು ಯಾರೂ ಕೇಳಲ್ಲ. ಹಗ್ಗ ಅವರ ಕೈಯಲ್ಲಿದೆ, ಬಾವಿ ಮಾತ್ರ ನಮ್ಮದು.

ಇಎಂಐಗೆ ಬರಿಗೊಡ ಮೇಲೆ ಬಂದರೆ ದಂಡ ಎರಡು ಕಡೆ. ನಮ್ಮ ಬ್ಯಾಂಕು ಒಂದು ಹಾಕುತ್ತದೆ, ಎಳೆದವರು ಇನ್ನೊಂದು.

ದಿನ ದಿನದ ಲೆಕ್ಕ

ಆ ವರ್ಷ ಯುಗಾದಿ ಮಾರ್ಚ್ 30, ಭಾನುವಾರ. ಮಾರನೇ ದಿನ ಸೋಮವಾರ ರಂಜಾನ್. ಏಪ್ರಿಲ್ 1, ಮಂಗಳವಾರ, ಬ್ಯಾಂಕುಗಳ ವಾರ್ಷಿಕ ಲೆಕ್ಕ ಮುಕ್ತಾಯದ ದಿನ, ಜನರಿಗೆ ಕೌಂಟರ್ ಬಂದ್. ಮೂರು ದಿನ ಸಾಲಾಗಿ. ಅದರ ಮೇಲೆ ನಮ್ಮ ಕಂಪನಿಯ ಅಕೌಂಟ್ಸ್‌ನವರು ವರ್ಷದ ಕೊನೆ ಅಂತ ಸಂಬಳವನ್ನು ಎರಡು ದಿನ ಮುಂದಕ್ಕೆ ಹಾಕಿದರು. ಮೇಲ್ ಕಳಿಸಿದ್ದರಂತೆ. ಹೋಳಿಗೆ ತಿಂದು ಮಲಗಿದವನಿಗೆ ಮೇಲ್ ಎಲ್ಲಿ ಕಾಣಬೇಕು?

ಏಪ್ರಿಲ್ 1, ಬೆಳಗಿನ ಜಾವ. ಹಬ್ಬದ ಖರ್ಚಾಗಿ ಸಂಬಳದ ಖಾತೆಯಲ್ಲಿ ಇದ್ದದ್ದು 11,640. ಹೋಗಬೇಕಾದದ್ದು 45,000. ವರ್ಗಾವಣೆ ಆಗಲಿಲ್ಲ. ಒಂದು ಮೆಸೇಜ್ ಬಂತು, ನಾನು ನೋಡಲಿಲ್ಲ. ನೆಫ್ಟ್ 2019ರ ಡಿಸೆಂಬರ್‌ನಿಂದ ರಜೆ ಇಲ್ಲದೆ ಇಡೀ ದಿನ ನಡೆಯುತ್ತದೆ. ಹಾಗಾಗಿ ರಜೆಯ ಮೇಲೆ ತಪ್ಪು ಹೊರಿಸುವ ಹಾಗೂ ಇಲ್ಲ. ಇಲ್ಲಿ ಇನ್ನೊಂದು ಸಂಗತಿ ನನಗೆ ಗೊತ್ತಿರಲಿಲ್ಲ. ನನ್ನ ಬ್ಯಾಂಕಿನಲ್ಲಿ ಇಂಥ ವರ್ಗಾವಣೆ ಒಮ್ಮೆ ತಪ್ಪಿದರೆ ಮತ್ತೆ ಪ್ರಯತ್ನ ಮಾಡಲ್ಲ. ಮುಂದಿನ ತಿಂಗಳ 1ರವರೆಗೆ ತೆಪ್ಪಗೆ ಕೂರುತ್ತದೆ.

ಏಪ್ರಿಲ್ 2. ಬೆಳಿಗ್ಗೆ ಮನೆ ಖಾತೆಯಿಂದ ಆರ್‌ಡಿಗೆ 5,000 ಹೋಯಿತು. ಉಳಿದದ್ದು 24,350. ಸಂಜೆ ಸಂಬಳ ಬಂತು. ಆ ಮೆಸೇಜ್ ಮಾತ್ರ ತಕ್ಷಣ ನೋಡಿದೆ, ಅದೇನು ಕಣ್ಣೋ!

ಏಪ್ರಿಲ್ 5, ಶನಿವಾರ. ಎಸ್‌ಐಪಿಯ 10,000 ಹೋಯಿತು. ಉಳಿದದ್ದು 14,350. ಅದರ ಹಿಂದೆಯೇ ಇಎಂಐನ 27,400 ಕೇಳಿಕೊಂಡು ಬಂತು, ವಾಪಸ್ ಹೋಯಿತು. ಸ್ಟೇಟ್‌ಮೆಂಟಿನಲ್ಲಿ ‘ಎಸಿಎಚ್ ಡೆಬಿಟ್ ರಿಟರ್ನ್ ಚಾರ್ಜಸ್’ ಅಂತ, ಅಂದರೆ ನಾಚ್ ವಾಪಸಾದದ್ದಕ್ಕೆ ದಂಡ ಅಂತ, ಒಂದು ಸಾಲು: 500 ರೂಪಾಯಿ, ಅದರ ಮೇಲೆ 18% ಜಿಎಸ್‌ಟಿ, ಒಟ್ಟು 590. ಉಳಿದದ್ದು 13,760.

ಏಪ್ರಿಲ್ 7, ಸೋಮವಾರ. ಸಾಲದ ಕಂಪನಿ ಎರಡನೇ ಸಲ ಎಳೆಯಿತು. ಮತ್ತೆ ವಾಪಸ್, ಮತ್ತೆ 590. ಉಳಿದದ್ದು 13,170.

ಅಷ್ಟೂ ದಿನ ಸಂಬಳದ ಖಾತೆಯಲ್ಲಿ ಎರಡು ಇಎಂಐಗೆ ಆಗುವಷ್ಟು ದುಡ್ಡು ಕಾಲು ಚಾಚಿಕೊಂಡು ಮಲಗಿತ್ತು.

ಕಳ್ಳ ಯಾರು?

ನನಗೆ ಮೊದಲು ಸಿಟ್ಟು ಬಂದದ್ದು ಎಸ್‌ಐಪಿ ಮೇಲೆ. ಸಾಲದ ಕಂತಿಗಿಂತ ಮುಂಚೆ ನುಗ್ಗಿ 10,000 ಎತ್ತಿಕೊಂಡು ಹೋಯಿತಲ್ಲ ಅಂತ. ಒಂದೇ ದಿನ ಎರಡು ಮ್ಯಾಂಡೇಟ್ ಬಂದರೆ ಯಾವುದು ಮೊದಲು ಅನ್ನುವುದು ನಮ್ಮ ಕೈಯಲ್ಲಿಲ್ಲ, ಇದೇ ಮೋಸ, ಅಂತ ಹೆಂಡತಿಗೆ ಹತ್ತು ನಿಮಿಷ ಭಾಷಣ ಮಾಡಿದೆ. ಅವಳು ಸ್ಟೇಟ್‌ಮೆಂಟ್ ನೋಡಿ ಒಂದೇ ಮಾತು ಕೇಳಿದಳು. “ಎಸ್‌ಐಪಿ ಬರದೇ ಇದ್ದಿದ್ರೂ 24,350 ಅಲ್ವಾ ಇದ್ದದ್ದು? ಇಎಂಐ 27,400.”

ಹೌದು. ತಪ್ಪು ಎಸ್‌ಐಪಿ ಒಂದರದ್ದೇ ಅಲ್ಲ. ಮೊದಲ ಕಳ್ಳ ಆರ್‌ಡಿ. ಇವೆರಡೂ ಮುಂಚೆ ನುಗ್ಗದಿದ್ದರೆ ಮಾರ್ಚ್ ಕೊನೆಗೆ ಇದ್ದ 29,350ರಲ್ಲಿ ಇಎಂಐ ಆರಾಮಾಗಿ ಹೋಗುತ್ತಿತ್ತು. 2ನೇ ತಾರೀಖು ಸದ್ದಿಲ್ಲದೆ ಹೋದ ಆ 5,000 ಅದನ್ನು 3,050 ರೂಪಾಯಿ ಕೊರತೆಗೆ ತಳ್ಳಿತು. ಯಾವ ಕಂತು ತಪ್ಪಿದರೂ ಸಣ್ಣ ದಂಡಕ್ಕೆ ಮುಗಿಯುತ್ತಿತ್ತೋ ಅದನ್ನು ನಾನು ಸಾಲಿನ ಮುಂದೆ ನಿಲ್ಲಿಸಿದ್ದೆ. ಯಾವುದು ತಪ್ಪಿದರೆ ಸಾವಿರದ ಮೇಲೆ ಬೀಳುತ್ತದೋ ಅದನ್ನು ಹಿಂದೆ. ಉಳಿತಾಯ ಮೊದಲು ಆಗಲಿ, ಖರ್ಚು ಆಮೇಲೆ ಅನ್ನುವ ಉಪದೇಶವನ್ನು ನಾನು ಅಕ್ಷರಕ್ಕೆ ಅಕ್ಷರ ಪಾಲಿಸಿದ್ದೆ. ಆ ಉಪದೇಶ ಖರ್ಚಿಗೆ ಹೇಳಿದ್ದು. ಸಾಲಕ್ಕೆ ಅಲ್ಲ.

ಎರಡನೇ ಪಾಲುದಾರ 1ನೇ ತಾರೀಖಿನ ವರ್ಗಾವಣೆ. ಸಂಬಳಕ್ಕೂ ಅದಕ್ಕೂ ನಡುವೆ ಒಂದು ರಾತ್ರಿಯ ಅಂತರ. ಇಎಂಐ ಇರುವುದು 5ಕ್ಕೆ. ನಾಲ್ಕು ದಿನ ಕೈಯಲ್ಲಿತ್ತು, ಆದರೂ ಅವಸರ ಮಾಡಿ 1ಕ್ಕೇ ಇಟ್ಟಿದ್ದೆ. ಬೇಗ ಹೋದಷ್ಟು ಒಳ್ಳೆಯದು ಅನ್ನುವ ಭಾವನೆ, ಬೇರೇನಿಲ್ಲ.

8ನೇ ತಾರೀಖು ಮಾಡಿದ್ದು, ಮಾಡದೇ ಬಿಟ್ಟದ್ದು

ಮೊದಲು ಸಂಬಳದ ಖಾತೆಯಿಂದ ಮನೆ ಖಾತೆಗೆ ಐಎಂಪಿಎಸ್‌ನಲ್ಲಿ 45,000 ಹಾಕಿದೆ. ಅರ್ಧ ನಿಮಿಷದ ಕೆಲಸ. ಖಾತೆಯಲ್ಲಿ ಈಗ 58,170.

ಆಮೇಲೆ ಸಾಲದ ಕಂಪನಿಯ ಆ್ಯಪ್ ತೆರೆದೆ. ‘ಬಾಕಿ ಕಟ್ಟಿ’ ಅನ್ನುವ ಕೆಂಪು ಬಟನ್. ಯುಪಿಐ ತೆರೆದು ಪಿನ್ ಒತ್ತುವುದೊಂದು ಬಾಕಿ. “ತಡಿ, ಅವರು ಮೂರನೇ ಸಲ ಎಳೆದರೆ?” ಅಂದಳು ಹೆಂಡತಿ. ಕೈ ಹಿಂದಕ್ಕೆ ತೆಗೆದೆ. ಎರಡು ಸಲ ಎಳೆದವರು ಮೂರನೇ ಸಲ ಎಳೆಯಲ್ಲ ಅಂತ ಏನು ಖಾತ್ರಿ? ನಾನು ಯುಪಿಐನಲ್ಲಿ 27,400 ಕಟ್ಟಿ, ಆ ಮೇಲೆ ನಾಚ್‌ನಲ್ಲಿ ಇನ್ನೊಂದು 27,400 ಹೋದರೆ ವಾಪಸ್ ಪಡೆಯಲು ಅಲೆಯಬೇಕು.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ: ಮತ್ತೆ ಫೈಲ್ ಹೋಗಿದೆಯಾ? ಹುಡುಗಿ ಎರಡು ನಿಮಿಷ ಕಾಯಿಸಿ ಹೇಳಿದಳು, ಹೋಗಿದೆ ಸಾರ್, 10ಕ್ಕೆ ಬರುತ್ತೆ, ಕೈಯಿಂದ ಕಟ್ಟಬೇಡಿ, ಖಾತೆಯಲ್ಲಿ ದುಡ್ಡಿಟ್ಟಿರಿ. ಏಪ್ರಿಲ್ 10 ಮಹಾವೀರ ಜಯಂತಿ, ಬ್ಯಾಂಕ್ ರಜೆ. ಆದರೂ ಬೆಳಿಗ್ಗೆಯೇ 27,400 ಹೋಯಿತು. 2021ರ ಆಗಸ್ಟ್ 1ರಿಂದ ನಾಚ್ ವಾರದ ಏಳೂ ದಿನ ನಡೆಯುತ್ತದೆ. ಭಾನುವಾರ ಇದೆ, ಸೋಮವಾರ ದುಡ್ಡು ಹಾಕಿದರಾಯಿತು ಅನ್ನುವ ಹಳೇ ಲೆಕ್ಕ ಇವತ್ತು ನಡೆಯಲ್ಲ.

ಈ ನಡುವೆ ಕಂಪನಿಯಿಂದ ಇನ್ನೊಂದು ಮೆಸೇಜ್ ಬಂದಿತ್ತು. ಪೇಮೆಂಟ್ ಆ್ಯಂಡ್ ಸೆಟ್ಲ್‌ಮೆಂಟ್ ಸಿಸ್ಟಮ್ಸ್ ಕಾಯ್ದೆ, 2007ರ ಸೆಕ್ಷನ್ 25 ಅಂತ. ಓದಿದರೆ ಎದೆ ಝಲ್ ಅನ್ನುತ್ತದೆ: ಎರಡು ವರ್ಷದವರೆಗೆ ಜೈಲು, ಮೊತ್ತದ ಎರಡು ಪಟ್ಟಿನವರೆಗೆ ದಂಡ. ಚೆಕ್ ಬೌನ್ಸ್‌ಗೆ ಸೆಕ್ಷನ್ 138 ಇದೆಯಲ್ಲ, ಅದರದ್ದೇ ತಮ್ಮ ಇದು. ಆದರೆ ಒಂದು ಕಂತು ವಾಪಸಾದ ಕೂಡಲೇ ಯಾರೂ ಜೈಲಿಗೆ ಹೋಗಲ್ಲ. ವಾಪಸಾದ ವಿಷಯ ಗೊತ್ತಾಗಿ 30 ದಿನದೊಳಗೆ ಅವರು ಲಿಖಿತ ನೋಟಿಸ್ ಕೊಡಬೇಕು. ನೋಟಿಸ್ ಸಿಕ್ಕಿ 15 ದಿನದೊಳಗೆ ನಾವು ಕಟ್ಟದೇ ಹೋದರೆ ಮಾತ್ರ ಮುಂದಿನ ಮಾತು. ಮೆಸೇಜಿನಲ್ಲಿ ಈ ಭಾಗ ಇರಲಿಲ್ಲ. ಹೆದರಿಸುವ ಭಾಗ ಮಾತ್ರ ಇತ್ತು.

ಎಷ್ಟು ಕೈ ಬಿಟ್ಟಿತು?

ನನ್ನ ಬ್ಯಾಂಕಿಗೆ 590ರ ಎರಡು, 1,180. ಸಾಲದ ಕಂಪನಿಯ ಬೌನ್ಸ್ ಚಾರ್ಜ್ 500. ಅವರು ಎರಡು ಹಾಕಿದ್ದರು. ಹೇಳದೆ ಕೇಳದೆ ಎರಡನೇ ಸಲ ಕಳಿಸಿದ್ದು ನೀವು, ನಾನ್ಯಾಕೆ ಕೊಡಲಿ ಅಂತ ಜಗಳ ಆಡಿದ್ದಕ್ಕೆ ಒಂದನ್ನು ತೆಗೆದರು. ಕೇಳಿದರೆ ಕೆಲವೊಮ್ಮೆ ಸಿಗುತ್ತದೆ. ನನ್ನ ಬ್ಯಾಂಕನ್ನೂ ಕೇಳಿದೆ, ಅಲ್ಲಿ ಆಗಲಿಲ್ಲ. ತಡವಾದ ಐದು ದಿನಕ್ಕೆ ವರ್ಷಕ್ಕೆ 24%ರ ಲೆಕ್ಕದಲ್ಲಿ 90 ರೂಪಾಯಿ. ಇದು ತಪ್ಪಿದ ಕಂತಿನ ಮೇಲೆ ಮಾತ್ರ, ಪೂರ್ತಿ ಸಾಲದ ಮೇಲಲ್ಲ. ಮೊದಲು ಕಂಪನಿಗಳು ಇದನ್ನು ದಂಡದ ಬಡ್ಡಿ ಅಂತ ಬಡ್ಡಿದರಕ್ಕೇ ಸೇರಿಸುತ್ತಿದ್ದವು. 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಅದನ್ನು ನಿಲ್ಲಿಸಿ, ದಂಡ ದಂಡವಾಗಿಯೇ ಇರಲಿ, ಅದರ ಮೇಲೆ ಮತ್ತೆ ಬಡ್ಡಿ ಬೆಳೆಸಬೇಡಿ ಅಂದಿತು.

ಒಟ್ಟು 1,770. ತಿಂಗಳಿಗೆ 5,000ದಂತೆ ಒಂದು ವರ್ಷ ಆರ್‌ಡಿ ಕಟ್ಟಿದರೆ 6.5% ದರದಲ್ಲಿ ಬರುವ ಬಡ್ಡಿ ಎರಡು ಸಾವಿರದ ಚಿಲ್ಲರೆ. ವರ್ಷವಿಡೀ ಗುಬ್ಬಿ ಹಾಗೆ ಕೂಡಿಟ್ಟದ್ದು ಒಂದು ವಾರದಲ್ಲಿ ಹೋಯಿತು. ಹೋಗಲು ಒಂದು ಕಾರಣವೂ ಅದೇ ಆರ್‌ಡಿ. ಇದಕ್ಕೆ ನಗಬೇಕೋ ಅಳಬೇಕೋ.

ನನಗೆ ಇದಕ್ಕಿಂತ ಜಾಸ್ತಿ ಚಿಂತೆ ಇದ್ದದ್ದು ಕ್ರೆಡಿಟ್ ರಿಪೋರ್ಟ್ ಬಗ್ಗೆ. 2025ರ ಜನವರಿಯಲ್ಲಿ ಬಂದ ನಿಯಮದ ಪ್ರಕಾರ ಆಗ ಸಾಲ ಕೊಟ್ಟವರು ತಿಂಗಳಿಗೆ ಎರಡು ಸಲ, 15ನೇ ತಾರೀಖಿನ ಮತ್ತು ತಿಂಗಳ ಕೊನೆಯ ಸ್ಥಿತಿಯನ್ನು ಸಿಬಿಲ್‌ನಂಥ, ಸಾಲದ ದಾಖಲೆ ಇಡುವ ಕಂಪನಿಗಳಿಗೆ ಕಳಿಸಬೇಕಿತ್ತು. ನಾನು 10ಕ್ಕೆ ಕಟ್ಟಿದ್ದರಿಂದ 15ರ ಹೊತ್ತಿಗೆ ಬಾಕಿ ಇರಲಿಲ್ಲ. ಮೇ ಕೊನೆಗೆ ವರ್ಷಕ್ಕೊಮ್ಮೆ ಉಚಿತವಾಗಿ ಸಿಗುವ ರಿಪೋರ್ಟ್ ತೆಗೆಸಿ ನೋಡಿದೆ. ಏಪ್ರಿಲ್ ಕೋಣೆಯಲ್ಲಿ ಮೂರು ಸೊನ್ನೆ. ಮೂರು ಸೊನ್ನೆ ಅಂದರೆ ಬಾಕಿ ಇಲ್ಲ ಅಂತ ಅರ್ಥ. ಅಷ್ಟು ಸೊನ್ನೆ ಕಂಡು ನಾನು ಯಾವತ್ತೂ ಅಷ್ಟು ಖುಷಿಪಟ್ಟಿರಲಿಲ್ಲ.

ಕಾಲುವೆಯನ್ನು ತಿರುಗಿಸಿದ್ದು

ಮೊದಲು ಹೊಳೆದದ್ದು ಇಎಂಐಯನ್ನು ನೇರ ಸಂಬಳದ ಖಾತೆಗೇ ಕಟ್ಟಿಬಿಡೋಣ ಅಂತ. ಬಹಳ ಜನ ಹಾಗೆ ಮಾಡುತ್ತಾರೆ. ನನಗೆ ಇಷ್ಟ ಆಗಲಿಲ್ಲ. ಕೆಲಸ ಬದಲಾದರೆ ಸಂಬಳದ ಖಾತೆಯೂ ಬದಲಾಗುತ್ತದೆ, ಆಗ ಮ್ಯಾಂಡೇಟ್ ಹೊಸದಾಗಿ ಮಾಡಿಸಬೇಕು. ಹೊಸದು ನೋಂದಣಿ ಆಗುವ ತನಕ ಹಳೆಯದರಲ್ಲೂ ದುಡ್ಡಿಡಬೇಕು. ಮನೆ ಖಾತೆ ನಾನು ಎಲ್ಲಿ ಕೆಲಸ ಮಾಡಿದರೂ ಅಲ್ಲೇ ಇರುತ್ತದೆ.

ಹಾಗಾಗಿ ಖಾತೆಗಳನ್ನು ಮುಟ್ಟಲಿಲ್ಲ, ತಾರೀಖುಗಳನ್ನು ಮಾತ್ರ ಮುಟ್ಟಿದೆ. ವರ್ಗಾವಣೆ 4ಕ್ಕೆ. ಇಎಂಐ 5ಕ್ಕೇ ಇದೆ. ಎಸ್‌ಐಪಿ 10ಕ್ಕೆ ಹೋಯಿತು, ಆರ್‌ಡಿ 12ಕ್ಕೆ. ಎಸ್‌ಐಪಿ ತಾರೀಖು ಬದಲಿಸಲು ಹಳೆಯದನ್ನು ನಿಲ್ಲಿಸಿ ಅದೇ ಮ್ಯಾಂಡೇಟಿನ ಮೇಲೆ ಹೊಸದು ಶುರು ಮಾಡಿದೆ.

ಇನ್ನು ಉಳಿಕೆ. 10ನೇ ತಾರೀಖು ಇಎಂಐ ಹೋದ ಮೇಲೆ ಮನೆ ಖಾತೆಯಲ್ಲಿ 30,770 ಇತ್ತು. ಅದರಲ್ಲಿ 30,000 ಇಲ್ಲ ಅಂತ ತೀರ್ಮಾನ ಮಾಡಿದೆವು. ನಮ್ಮ ಮನೆಯಲ್ಲಿ ಈಗ 30,000 ಅಂದರೆ ಸೊನ್ನೆ. ಇನ್ನೊಮ್ಮೆ ಸಂಬಳ ತಡವಾಗಿ, ವರ್ಗಾವಣೆ ತಪ್ಪಿ, ನಾನು ಮತ್ತೆ ಮೆಸೇಜ್ ನೋಡದೇ ಹೋದರೂ ಇಎಂಐ ಹೋಗುತ್ತದೆ. ಎಸ್‌ಐಪಿ ಬೌನ್ಸ್ ಆಗಬಹುದು, ಆಗ ನನ್ನ ಬ್ಯಾಂಕು 590 ಹಿಡಿಯುತ್ತದೆ, ಫಂಡ್‌ನವರು ಏನೂ ಹಿಡಿಯಲ್ಲ. ಆರ್‌ಡಿ ಸುಮ್ನೆ ಕೂರುತ್ತದೆ. ಆ 30,000 ಉಳಿತಾಯ ಖಾತೆಯ ಬಡ್ಡಿಯಲ್ಲಿ ಸೊರಗುತ್ತಿದೆ, ನಿಜ. ಒಂದು ಮಿತಿ ದಾಟಿದ ದುಡ್ಡು ತಾನಾಗೇ ಎಫ್‌ಡಿ ಆಗಿ, ಬೇಕಾದಾಗ ಒಡೆದು ವಾಪಸ್ ಬರುವ ಸ್ವೀಪ್ ಸೌಲಭ್ಯ ಕೆಲವು ಬ್ಯಾಂಕುಗಳಲ್ಲಿದೆ. ಅದನ್ನು ಹಾಕಿಸು ಅಂತ ಹೆಂಡತಿ ಹೇಳುತ್ತಿದ್ದಾಳೆ. ನನಗೆ ಸದ್ಯಕ್ಕೆ ಇನ್ನೊಂದು ತಾನಾಗೇ ಆಗುವ ವಸ್ತು ಬೇಡ.

ಇದೆಲ್ಲ ಮಾಡುವಾಗ ನೆಟ್ ಬ್ಯಾಂಕಿಂಗ್‌ನಲ್ಲಿ ಮ್ಯಾಂಡೇಟ್ ಪಟ್ಟಿ ಅನ್ನುವ ಪುಟ ಮೊದಲ ಸಲ ತೆರೆದೆ. ಎರಡು ಇರಬೇಕಾದಲ್ಲಿ ನಾಲ್ಕಿದ್ದವು. ಒಂದು, ಫೋನ್ ಕೊಳ್ಳಲು ತೆಗೆದ ಸಾಲದ್ದು. ಆ ಸಾಲ ತೀರಿ ಮೂರು ವರ್ಷ ಆಗಿತ್ತು, ಆ ಫೋನೂ ಈಗ ಇಲ್ಲ. ಮ್ಯಾಂಡೇಟ್ ಮುಂದೆ ಮಾತ್ರ ‘ಆ್ಯಕ್ಟಿವ್’ ಅಂತ ಹಸಿರು ಅಕ್ಷರ. ಇನ್ನೊಂದು, ಯಾವತ್ತೋ ನಿಲ್ಲಿಸಿದ ಹಳೇ ಎಸ್‌ಐಪಿಯದ್ದು. ಎಸ್‌ಐಪಿ ನಿಲ್ಲಿಸಿದರೆ ಮ್ಯಾಂಡೇಟ್ ತಾನಾಗೇ ಸಾಯಲ್ಲ, ಎರಡೂ ಬೇರೆ ಬೇರೆ ರದ್ದು ಮಾಡಬೇಕು. ಅದರ ಗರಿಷ್ಠ ಮೊತ್ತ 25,000 ಇತ್ತು. ಕೊನೆಯ ದಿನಾಂಕ ನೋಡಿದರೆ, ಅಷ್ಟು ಹೊತ್ತಿಗೆ ನಾನು ರಿಟೈರ್ ಆಗಿ ಹತ್ತು ವರ್ಷ ಆಗಿರುತ್ತದೆ. ದುಡ್ಡು ಯಾರೂ ಎಳೆದಿಲ್ಲ, ಸರಿ. ಆದರೆ ಎರಡು ಹಗ್ಗ ಬಾವಿಯಲ್ಲಿ ಹಾಗೇ ಇಳಿಬಿದ್ದಿದ್ದವು.

ಎರಡಕ್ಕೂ ರದ್ದತಿ ಕೋರಿಕೆ ಹಾಕಿದೆ. ಎಸ್‌ಐಪಿಯದ್ದು ಐದು ದಿನದಲ್ಲಿ ಹೋಯಿತು. ಫೋನ್ ಸಾಲದ್ದು ಇನ್ನೂ ‘ಪೆಂಡಿಂಗ್’ ಅಂತಲೇ ತೋರಿಸುತ್ತಿದೆ. ಪ್ರತಿ 4ನೇ ತಾರೀಖು ಸಂಜೆ 45,000 ಹೋಗಿದೆಯಾ ಅಂತ ನೋಡುವಾಗ ಅದನ್ನೂ ಒಮ್ಮೆ ನೋಡುತ್ತೇನೆ.